ಒಂದೇ ಖೋಲಿ, ಎರಡು ಸಂಸಾರ

ವಡಾಲ ರೋಡ್ ನಿಲ್ದಾಣದಲ್ಲಿ ಮೆಟ್ಟಿಲಿಳಿದು ಬಂದವರ ಕಣ್ಣು ಮೊದಲು ಹೋಗುವುದು ಇಂಡಿಕೇಟರಿನ ಕಡೆಗೆ. ಸಿಎಸ್‌ಎಂಟಿಯಿಂದ ಬರುವ ಹಾರ್ಬರ್ ಲೈನ್ ಇಲ್ಲಿಂದ ಮುಂದೆ ಕವಲೊಡೆಯುತ್ತದೆ. ಒಂದು ಗಾಡಿ ಚುನಾಭಟ್ಟಿ, ಕುರ್ಲಾ ಹಾದು ಪನ್ವೇಲ್ ಕಡೆಗೆ. ಇನ್ನೊಂದು ಕಿಂಗ್ಸ್ ಸರ್ಕಲ್, ಮಾಹಿಮ್ ದಾಟಿ ಗೋರೆಗಾಂವ್ ಕಡೆಗೆ. ಬಂದ ಹಳಿ ಒಂದೇ, ಬೋಗಿ ನೋಡಲು ಒಂದೇ. ಗಡಿಬಿಡಿಯಲ್ಲಿ ಹತ್ತಿದವರು ಚೆಂಬೂರಿಗೆಂದು ಹೊರಟು ಬಾಂದ್ರಾದಲ್ಲಿ ಇಳಿದು ಬೆವರೊರೆಸಿಕೊಂಡದ್ದುಂಟು.

ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದ ಮನೆಗಳಲ್ಲಿ ಇಂಥದೇ ಕವಲು ಮೇಜಿನ ಮೇಲೂ ಇರುತ್ತದೆ. ಮಾಟುಂಗದಲ್ಲಿ ವಿಜೆಟಿಐ, ವಡಾಲದಲ್ಲೇ ವಿದ್ಯಾಲಂಕಾರ್. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಇಲ್ಲಿ ಬರವಿಲ್ಲ. ಕಂಪ್ಯೂಟರಿನ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡುತ್ತವೆ: ಒಂದು ಉಬುಂಟು, ಇನ್ನೊಂದು ವಿಂಡೋಸ್. ಕೆಲವು ಸೆಕೆಂಡುಗಳಲ್ಲಿ ಒಂದನ್ನು ಆರಿಸಬೇಕು; ಸುಮ್ಮನಿದ್ದರೆ ಯಂತ್ರವೇ ಮೊದಲನೆಯದನ್ನು ಹಿಡಿದು ಹೊರಡುತ್ತದೆ. ಈ ಪಾಯಿಂಟ್ಸ್‌ಮನ್ ಕೆಲಸ ಮಾಡುವ ಪುಟ್ಟ ತಂತ್ರಾಂಶದ ಹೆಸರು ಗ್ರಬ್. ಒಂದೇ ಡಿಸ್ಕಿನಲ್ಲಿ ಎರಡು ಕಾರ್ಯಾಚರಣ ವ್ಯವಸ್ಥೆಗಳು ಬಿಡಾರ ಹೂಡಿರುವ ಇಂಥ ಯಂತ್ರವನ್ನು ಡ್ಯುಯಲ್ ಬೂಟ್ ಎನ್ನುತ್ತಾರೆ. ಮೂರು ನಾಲ್ಕಾದರೆ ಮಲ್ಟಿ ಬೂಟ್.

ವಡಾಲದ ಒಂದು ಕನ್ನಡ ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅಪ್ಪನದು ಹೋಟೆಲ್. ಜಿಎಸ್‌ಟಿ ಕಟ್ಟುವ ದಿನ ಹತ್ತಿರ ಬಂದರೆ ಟ್ಯಾಲಿ ಇಲ್ಲದೆ ಕೈ ಓಡದು, ಟ್ಯಾಲಿಗೆ ವಿಂಡೋಸ್ ಬೇಕು. ಚಿಕ್ಕಪ್ಪ ಸಂಘದ ಸ್ಮರಣ ಸಂಚಿಕೆಗಳನ್ನು ವರ್ಷಗಟ್ಟಲೆ ‘ನುಡಿ’ಯಲ್ಲಿ ಕೂಡಿಸಿಟ್ಟಿದ್ದಾರೆ, ಯುನಿಕೋಡ್‌ಗೆ ಮುಂಚಿನ ಫಾಂಟಿನ ಆ ಕಡತಗಳು ಬೇರೆ ಕಡೆ ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ, ಆದ್ದರಿಂದ ಅದಕ್ಕೂ ವಿಂಡೋಸೇ. ಮಗಳಿಗೆ ಕಾಲೇಜಿನ ಪ್ರಾಜೆಕ್ಟ್, ಅದಕ್ಕೆ ಲಿನಕ್ಸ್. ಲ್ಯಾಮಿಂಗ್ಟನ್ ರೋಡಿನ ಅಂಗಡಿಯಲ್ಲಿ ಹೇಳಿ ಕೂಡಿಸಿದ ಒಂದೇ ಡೆಸ್ಕ್‌ಟಾಪ್, 512 ಜಿಬಿಯ ಎಸ್‌ಎಸ್‌ಡಿ. ಅದರಲ್ಲಿ ಸಿ ಡ್ರೈವ್‌ಗೆ 414, ಉಬುಂಟುಗೆ 60. ಒಂದು ಸಂಜೆ ಉಬುಂಟು ‘ಜಾಗವಿಲ್ಲ’ ಎಂದು ಹಟ ಹಿಡಿಯುತ್ತದೆ. ಅತ್ತ ಸಿ ಡ್ರೈವ್‌ನಲ್ಲಿ 180 ಜಿಬಿ ಖಾಲಿ ಬಿದ್ದಿದೆ. ಚಾಳಿನ ಖೋಲಿಯಲ್ಲಿ ಪ್ಲೈವುಡ್ ಹೊಡೆದು ಎರಡು ಸಂಸಾರ ನಡೆಸಿದ ಊರಿನವರಿಗೆ ಮುಂದಿನ ಯೋಚನೆ ತಾನಾಗಿ ಹೊಳೆಯುತ್ತದೆ: ಗೋಡೆಯನ್ನು ಸ್ವಲ್ಪ ಆಚೆ ಸರಿಸಿದರಾಯಿತಲ್ಲ?

(512ರ ಡಿಸ್ಕಿನಲ್ಲಿ 414ಕ್ಕೆ 60 ಕೂಡಿಸಿದರೆ ಉಳಿದದ್ದು ಎಲ್ಲಿ ಹೋಯಿತು ಎಂದು ಅಂಗಡಿಯವನನ್ನು ಬೈಯಬೇಕಾಗಿಲ್ಲ. ತಯಾರಕರು ಒಂದು ಜಿಬಿಯನ್ನು ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 512 ಎಂದು ಕೊಂಡದ್ದು ಪರದೆಯ ಮೇಲೆ 476 ಆಗಿ ಕಾಣುತ್ತದೆ.)

ಗೋಡೆ ಸರಿಸಬಹುದು, ದಿನವೂ ಎಷ್ಟೋ ಜನ ಸರಿಸುತ್ತಾರೆ. ಆದರೆ ಈ ಗೋಡೆಯ ದಾಖಲೆ ಒಂದೇ ಕಡೆ ಇಲ್ಲ. ಊರಲ್ಲಿ ಹಿಸ್ಸೆಯಾದ ಗದ್ದೆ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಪಾಲುಪಟ್ಟಿಯಲ್ಲಿ ಬರೆದದ್ದು ಒಂದು, ಪಹಣಿಯಲ್ಲಿ ಇರುವುದು ಇನ್ನೊಂದು, ನೆಲದ ಮೇಲೆ ಹದ್ದುಗಲ್ಲು ಮತ್ತೊಂದು ಕಡೆ. ಮೂರೂ ಹೊಂದದಿದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆಯಬೇಕು. ಡಿಸ್ಕಿನಲ್ಲೂ ಹಾಗೆಯೇ. ಯಾವ ಪಾಲು ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿಡುವುದು ಪಾರ್ಟಿಷನ್ ಟೇಬಲ್. ಆ ಪಾಲಿನೊಳಗೆ ಯಾವ ಕಡತ ಎಲ್ಲಿದೆ, ತನ್ನ ಅಳತೆ ಎಷ್ಟು ಎಂದು ಬರೆದುಕೊಳ್ಳುವುದು ಫೈಲ್ ಸಿಸ್ಟಮ್. ವಿಂಡೋಸ್ ಪಾಲಿನಲ್ಲಿ ಎನ್‌ಟಿಎಫ್‌ಎಸ್, ಉಬುಂಟು ಪಾಲಿನಲ್ಲಿ ಸಾಮಾನ್ಯವಾಗಿ ಎಕ್ಸ್‌ಟಿ4. ಯಾವ ಪಾಲಿನಿಂದ ಯಂತ್ರ ಏಳಬೇಕು ಎಂಬುದು ಬೂಟ್‌ಲೋಡರಿನ ನೆನಪಿನಲ್ಲಿ. ಬಾಗಿಲಿಗೆ ಬೀಗ ಹಾಕಿದ್ದರೆ, ಅಂದರೆ ಬಿಟ್‌ಲಾಕರ್ ಚಾಲೂ ಇದ್ದರೆ, ಅದರ ಲೆಕ್ಕ ಮತ್ತೊಂದು. ಒಂದು ದಾಖಲೆ ಬದಲಾಗಿ ಇನ್ನೊಂದು ಹಳೆಯದಾಗೇ ಉಳಿದಾಗಲೇ ಕಂಪ್ಯೂಟರ್ ಮಲಗುವುದು.

ಪಾಲು ಮಾಡುವ ಈ ಪದ್ಧತಿ ಹುಟ್ಟಿದ್ದೇ ಬೇರೆ ಬೇರೆ ಸಂಸಾರಗಳಿಗಾಗಿ ಎಂಬುದು ಸ್ವಾರಸ್ಯದ ಸಂಗತಿ. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿ ಜೊತೆ 10 ಎಂಬಿಯ ಹಾರ್ಡ್ ಡಿಸ್ಕ್ ಕೊಟ್ಟಿತು. ಅದರೊಡನೆ ಬಂದ ಡಾಸ್ 2.0, ಡಿಸ್ಕನ್ನು ನಾಲ್ಕು ಪಾಲು ಮಾಡಿ ನಾಲ್ಕು ಬೇರೆ ವ್ಯವಸ್ಥೆಗಳನ್ನು ಇಟ್ಟುಕೊಳ್ಳಲು ಅವಕಾಶ ಮಾಡಿಕೊಟ್ಟಿತು. ಡಿಸ್ಕಿನ ಮೊದಲ 512 ಬೈಟ್‌ಗಳಲ್ಲಿ 64 ಬೈಟ್ ಮಾತ್ರ ಪಾಲುಪಟ್ಟಿಗೆ ಮೀಸಲು. ಪಾಲಿಗೆ 16ರಂತೆ ನಾಲ್ಕು ಸಾಲು, ಅಷ್ಟೇ. ಎಂಬಿಆರ್ ಎಂದು ಕರೆಯುವ ಈ ಪುಟ್ಟ ಪಟ್ಟಿ ಮೂರು ದಶಕ ಜಗತ್ತನ್ನು ಆಳಿತು. ಐದನೆಯ ಪಾಲು ಬೇಕೆಂದವರು ನಾಲ್ಕರಲ್ಲೊಂದನ್ನು ‘ಎಕ್ಸ್‌ಟೆಂಡೆಡ್’ ಮಾಡಿ ಅದರೊಳಗೆ ಮರಿ ಪಾಲುಗಳನ್ನು ಮಾಡಿಕೊಂಡರು. ಸುಮಾರು 2 ಟಿಬಿಯಾಚೆಗಿನ ಜಾಗ ಈ ಪಟ್ಟಿಗೆ ಕಾಣುವುದೇ ಇಲ್ಲ. ಈಗಿನ ಯಂತ್ರಗಳಲ್ಲಿರುವುದು ಜಿಪಿಟಿ. ಅದರಲ್ಲಿ ಸಾಮಾನ್ಯವಾಗಿ 128 ಪಾಲುಗಳಿಗೆ ಜಾಗವುಂಟು. ಪಟ್ಟಿಯ ಒಂದು ನಕಲು ಡಿಸ್ಕಿನ ಕೊನೆಯಲ್ಲೂ ಇರುತ್ತದೆ, ಮೊದಲ ಪುಟ ಹರಿದರೂ ಕೊನೆಯ ಪುಟದಿಂದ ಓದಿಕೊಳ್ಳಬಹುದು.

ಡೇಟಾ ಅಳಿಸದೆ ಪಾಲು ಚಿಕ್ಕದು ಮಾಡುವುದು ಡಾಸ್‌ನ ಆ ಕಾಲದಲ್ಲಿ ಆಗದ ಮಾತಾಗಿತ್ತು. ಎಲ್ಲ ಅಳಿಸಿ ಹೊಸದಾಗಿ ಹಾಕುವುದೇ ದಾರಿ. 1993ರ ಸುಮಾರಿಗೆ ಆರ್ನೋ ಶೇಫರ್ ಬರೆದ ಫಿಪ್ಸ್ ಎಂಬ ಪುಟ್ಟ ತಂತ್ರಾಂಶ ಡಾಸ್ ಪಾಲಿನ ಬಾಲವನ್ನು ಕತ್ತರಿಸಿ ಲಿನಕ್ಸ್‌ಗೆ ಜಾಗ ಮಾಡಿಕೊಟ್ಟಿತು. ಅದೇ ದಶಕದಲ್ಲಿ ಪವರ್‌ಕ್ವೆಸ್ಟ್ ಕಂಪನಿಯ ಪಾರ್ಟಿಷನ್ ಮ್ಯಾಜಿಕ್ ಬಂತು, ಹೆಸರಿಗೆ ತಕ್ಕಂತೆ ಅಂದಿನವರಿಗೆ ಅದು ಮಾಯೆಯೇ. ಎನ್‌ಟಿಎಫ್‌ಎಸ್ ಪಾಲನ್ನು ಲಿನಕ್ಸ್‌ನಿಂದ ಕುಗ್ಗಿಸುವ ಉಪಾಯ ಎನ್‌ಟಿಎಫ್‌ಎಸ್‌ರೀಸೈಜ್ ಮೂಲಕ 2002ರಲ್ಲಿ ಬಂತು. ವಿಂಡೋಸ್ ತಾನೇ ಆ ಸೌಲಭ್ಯ ಕೊಟ್ಟದ್ದು 2007ರಲ್ಲಿ ವಿಸ್ತಾ ಬಂದಾಗ. ಇಂದು ಉಚಿತವಾಗಿ ಸಿಗುವ ಜಿಪಾರ್ಟೆಡ್ ಈ ಎಲ್ಲ ಕೆಲಸವನ್ನೂ ಬಣ್ಣದ ಪಟ್ಟಿ ಎಳೆದು ತೋರಿಸುತ್ತದೆ. ಚಿತ್ರ ಅಷ್ಟು ಸರಳವಾಗಿರುವುದರಿಂದಲೇ ಧೈರ್ಯವೂ ಸ್ವಲ್ಪ ಹೆಚ್ಚು ಬರುತ್ತದೆ.

ಪಹಣಿ ತಿದ್ದಿದ ಮಾತ್ರಕ್ಕೆ ಬೆಳೆ ಸರಿಯುವುದಿಲ್ಲ. 414 ಜಿಬಿಯ ಪಾಲನ್ನು 314 ಎಂದು ಪಟ್ಟಿಯಲ್ಲಿ ಬರೆದುಬಿಟ್ಟರೆ, ಕೊನೆಯ ನೂರು ಜಿಬಿಯೊಳಗೆ ಚಿಕ್ಕಪ್ಪನ ಸ್ಮರಣ ಸಂಚಿಕೆ ಇದ್ದರೆ ಅದು ಬೇಲಿಯ ಆಚೆ ಉಳಿಯಿತು. ಆದ್ದರಿಂದ ಕುಗ್ಗಿಸುವಾಗ ಮೊದಲು ಫೈಲ್ ಸಿಸ್ಟಮ್ ಚಿಕ್ಕದಾಗಬೇಕು, ಅಂದರೆ ಕಡತಗಳೆಲ್ಲ ಒಳಕ್ಕೆ ಸರಿದು ಕೂರಬೇಕು, ಆಮೇಲೆ ಬೇಲಿ. ಹಿಗ್ಗಿಸುವಾಗ ತಿರುಗಾಮುರುಗಾ: ಮೊದಲು ಬೇಲಿ, ಆಮೇಲೆ ಬೆಳೆ. ಒಳ್ಳೆಯ ತಂತ್ರಾಂಶಗಳು ಈ ಅನುಕ್ರಮವನ್ನು ತಾವೇ ಪಾಲಿಸುತ್ತವೆ. ಪ್ರತಿಯೊಂದು ಫೈಲ್ ಸಿಸ್ಟಮ್‌ಗೂ ಅದರದೇ ಸ್ವಭಾವ ಬೇರೆ. ಎಕ್ಸ್‌ಟಿ4 ಓಡುತ್ತಿರುವಾಗಲೇ ಹಿಗ್ಗುತ್ತದೆ, ಕುಗ್ಗಬೇಕಾದರೆ ಮಾತ್ರ ಅದನ್ನು ನಿಲ್ಲಿಸಿ ಪೆನ್‌ಡ್ರೈವ್‌ನಿಂದ ಬೇರೆ ಲಿನಕ್ಸ್ ಎಬ್ಬಿಸಬೇಕು. ಎಕ್ಸ್‌ಎಫ್‌ಎಸ್‌ನಲ್ಲಿ ಹಿಗ್ಗಿಸಿದ್ದನ್ನು ಮತ್ತೆ ಕುಗ್ಗಿಸುವುದು ಹೆಚ್ಚುಕಡಿಮೆ ಆಗದ ಮಾತು.

ಮಗಳಿಗೆ ಬೇಕಾದದ್ದು ಸಿ ಡ್ರೈವ್‌ನ ನೂರು ಜಿಬಿ. ಅದನ್ನು ಯಾರು ಕುಗ್ಗಿಸಬೇಕು? ಜಿಪಾರ್ಟೆಡ್‌ಗೆ ಆ ಶಕ್ತಿ ಉಂಟು. ಆದರೂ ವಿಂಡೋಸ್ ಪಾಲನ್ನು ವಿಂಡೋಸೇ ಕುಗ್ಗಿಸಲಿ, ಲಿನಕ್ಸ್ ಪಾಲನ್ನು ಲಿನಕ್ಸೇ ನೋಡಿಕೊಳ್ಳಲಿ ಎಂಬುದು ಅನುಭವಸ್ಥರ ನಡೆ. ಅವರವರ ಮನೆಯ ಪಾತ್ರೆ ಎಲ್ಲಿದೆ ಎಂದು ಅವರವರಿಗೇ ಚೆನ್ನಾಗಿ ಗೊತ್ತು. ವಿಂಡೋಸ್‌ನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ರೈಟ್ ಕ್ಲಿಕ್ ಮಾಡಿ ‘ಶ್ರಿಂಕ್ ವಾಲ್ಯೂಮ್’ ಒತ್ತಿದರೆ ಸಾಕು. ತಮಾಷೆ ಆಗ ಶುರುವಾಗುತ್ತದೆ. 180 ಜಿಬಿ ಖಾಲಿ ಇದ್ದರೂ ‘23 ಜಿಬಿ ಮಾತ್ರ ಕೊಡಬಲ್ಲೆ’ ಎಂಬಂಥ ಉತ್ತರ ಬರುವುದು ತೀರಾ ಸಾಮಾನ್ಯ. ಡ್ರೈವ್‌ನ ನಡುವೆ ಎಲ್ಲೋ ಅಲುಗಾಡದ ಕಡತವೊಂದು ಕೂತಿರುತ್ತದೆ: ಪೇಜ್‌ಫೈಲ್, ಹೈಬರ್ನೇಷನ್ ಕಡತ, ಅಥವಾ ರಿಸ್ಟೋರ್ ಪಾಯಿಂಟ್‌ಗಳ ರಾಶಿ. ಅದರಿಂದೀಚೆಗೆ ವಿಂಡೋಸ್ ಗೋಡೆ ತರಲಾರದು. ಯಾವ ಕಡತ ಅಡ್ಡ ಬಂತು ಎಂಬುದು ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ದಾಖಲೆಯಲ್ಲಿ 259ನೆಯ ಸಂಖ್ಯೆಯ ಟಿಪ್ಪಣಿಯಾಗಿ ಸಿಗುತ್ತದೆ. ಆ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಯಂತ್ರವನ್ನು ಮತ್ತೆ ಎಬ್ಬಿಸಿ ಪ್ರಯತ್ನಿಸಿದರೆ ಬಹುಪಾಲು ಸಲ ಗಂಟು ಬಿಚ್ಚಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಪೇಜ್‌ಫೈಲ್ ಮತ್ತೆ ಚಾಲೂ ಮಾಡಲು ಮರೆಯುವವರೇ ಹೆಚ್ಚು.

ಹೈಬರ್ನೇಷನ್‌ದು ಇನ್ನೂ ಒಂದು ಕಿತಾಪತಿ ಇದೆ. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದು ಬಂತು. ಷಟ್‌ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ಅರ್ಧ ನಿದ್ದೆಗೆ ಜಾರಿ, ತನ್ನ ನೆನಪಿನ ಒಂದು ಭಾಗವನ್ನು ಡಿಸ್ಕಿನಲ್ಲಿ ಬಚ್ಚಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್ ಹೋಗಿ ಆ ಪಾಲಿನಲ್ಲಿ ಕೈಯಾಡಿಸಿದರೆ, ಎದ್ದ ವಿಂಡೋಸ್‌ಗೆ ತಾನು ಇಟ್ಟ ಜಾಗದಲ್ಲಿ ಇಟ್ಟದ್ದು ಇರುವುದಿಲ್ಲ. ಡ್ಯುಯಲ್ ಬೂಟ್ ಮನೆಯಲ್ಲಿ ಈ ಸೌಲಭ್ಯವನ್ನು ನಿಲ್ಲಿಸಿಡುವುದೇ ಲೇಸು. ಅದರಿಂದ ಉಳಿಯುವುದು ಹೇಗೂ ಕೆಲವೇ ಸೆಕೆಂಡು. ಎನ್‌ಟಿಎಫ್‌ಎಸ್‌ರೀಸೈಜ್ ಅಂತೂ ಕೊಳಕಾದ ಪಾಲನ್ನು ಕಂಡರೆ ಮುಟ್ಟುವುದೇ ಇಲ್ಲ: ಚೆಕ್‌ಡಿಸ್ಕ್ ನಡೆಸಿ, ವಿಂಡೋಸನ್ನು ಎರಡು ಸಲ ಎಬ್ಬಿಸಿ ಬನ್ನಿ ಎಂದು ವಾಪಸು ಕಳಿಸುತ್ತದೆ. ಒಂದು ಸಲವಲ್ಲ, ಎರಡು ಸಲ. ಮಡಿಯ ವಿಷಯದಲ್ಲಿ ಊರ ಅಜ್ಜಿಯರಷ್ಟೇ ಕಟ್ಟುನಿಟ್ಟು.

ಈಗ ಬೀಗ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಮೈಕ್ರೋಸಾಫ್ಟ್ ಖಾತೆಯೊಂದಿಗೆ ಹೊಸದಾಗಿ ಹಾಕಿದರೆ ಹೆಚ್ಚಿನ ಯಂತ್ರಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿಯೇ ಚಾಲೂ ಆಗುತ್ತದೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ಬೂಟ್ ವ್ಯವಸ್ಥೆಯಲ್ಲಿ ಸಣ್ಣ ಬದಲಾವಣೆ ಕಂಡರೂ ಬಿಟ್‌ಲಾಕರ್ ಸಂಶಯಪಟ್ಟು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಸಂಖ್ಯೆ ಸಾಮಾನ್ಯವಾಗಿ ಖಾತೆಯಲ್ಲಿ ಉಳಿದಿರುತ್ತದೆ, ಆದರೆ ಖಾತೆಯ ಪಾಸ್‌ವರ್ಡ್ ನೆನಪಿರಬೇಕಲ್ಲ. ಗೋಡೆಗೆ ಕೈ ಹಾಕುವ ಮುಂಚೆಯೇ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಟ್‌ಲಾಕರನ್ನು ಸಸ್ಪೆಂಡ್ ಮಾಡಿ ಮುಂದುವರಿಯುವುದು ಸರಿಯಾದ ಕ್ರಮ.

ಇಷ್ಟೆಲ್ಲ ಜಾಗರೂಕರಾಗಿದ್ದರೂ ಕೆಲವು ಸಲ ಗೋಡೆಯ ಮಾಲೀಕರಿಂದಲೇ ತೊಂದರೆ ಬರುತ್ತದೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೆಬಿ5034441 ಎಂಬ ಸುರಕ್ಷತಾ ಪರಿಷ್ಕರಣೆ ಬಿಟ್ಟಿತು. ಅದು ಕೂರಲು ರಿಕವರಿ ಪಾಲಿನಲ್ಲಿ 250 ಎಂಬಿ ಖಾಲಿ ಜಾಗ ಬೇಕಿತ್ತು. ವಿಂಡೋಸ್ 10ರ ಅನೇಕ ಯಂತ್ರಗಳಲ್ಲಿ ಅಷ್ಟು ಇರಲಿಲ್ಲ, ಆ ಪಾಲನ್ನು ಅಷ್ಟು ಚಿಕ್ಕದಾಗಿ ಮಾಡಿದ್ದೂ ವಿಂಡೋಸೇ. ಪರಿಷ್ಕರಣೆ ಮತ್ತೆ ಮತ್ತೆ ಸೋತಿತು. ಕಂಪನಿಯ ಪರಿಹಾರವೆಂದರೆ ಜನರು ಕಮಾಂಡ್ ಬರೆದು ಸಿ ಡ್ರೈವ್ ಕುಗ್ಗಿಸಿ, ರಿಕವರಿ ಪಾಲನ್ನು ಅಳಿಸಿ ಮತ್ತೆ ದೊಡ್ಡದಾಗಿ ಮಾಡಿಕೊಳ್ಳಬೇಕು! ಪಾರ್ಟಿಷನ್ ಎಂಬ ಪದವನ್ನೇ ಕೇಳದ ಮನೆಗಳಿಗೂ ಈ ಕೆಲಸ ಅಂಟಿಕೊಂಡಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಇನ್ನೊಂದು ಪರಿಷ್ಕರಣೆ ಹಳೆಯ ಲಿನಕ್ಸ್ ಬೂಟ್‌ಲೋಡರುಗಳನ್ನು ನಂಬಬೇಡ ಎಂದು ಯಂತ್ರಕ್ಕೆ ಹೇಳಿಕೊಟ್ಟಿತು. ಡ್ಯುಯಲ್ ಬೂಟ್ ಯಂತ್ರಗಳನ್ನು ಬಿಟ್ಟುಬಿಡುತ್ತೇವೆ ಎಂದು ಕಂಪನಿ ಹೇಳಿತ್ತು. ಆದರೂ ಅನೇಕರ ಲಿನಕ್ಸ್ ಏಳಲೇ ಇಲ್ಲ.

ಉಲ್ಟಾ ದಿಕ್ಕಿನ ಅವಘಡವೂ ಕಡಿಮೆಯಿಲ್ಲ. ಪರೀಕ್ಷೆ ಮುಗಿಯಿತು, ಲಿನಕ್ಸ್ ಇನ್ನು ಬೇಡ ಎಂದು ವಿದ್ಯಾರ್ಥಿ ವಿಂಡೋಸ್‌ನೊಳಗಿನಿಂದ ಆ ಪಾಲನ್ನು ಅಳಿಸಿಬಿಡುತ್ತಾನೆ. ಮರುದಿನ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡೇ ಪದ. ಗೋರೆಗಾಂವ್ ಹಳಿಯನ್ನು ಕಿತ್ತು ಹಾಕಿ, ವಡಾಲದ ಪಾಯಿಂಟನ್ನು ಮಾತ್ರ ಆ ಕಡೆಗೇ ತಿರುಗಿಸಿಟ್ಟಂತೆ ಆಯಿತು. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಹೊಸ ಯಂತ್ರಗಳಲ್ಲಿ ಬಯೋಸ್ ಪರದೆಗೆ ಹೋಗಿ ಬೂಟ್ ಅನುಕ್ರಮದಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತಂದರೆ ಸಾಕು. ಇದು ಗೊತ್ತಿಲ್ಲದೆ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದವರಿದ್ದಾರೆ. ವಿಂಡೋಸ್‌ಗೆ ಎಕ್ಸ್‌ಟಿ4 ಓದಲು ಬಾರದು ಎಂಬುದನ್ನೂ ನೆನಪಿಡಬೇಕು. ಲಿನಕ್ಸ್ ಪಾಲು ಕಂಡರೆ ಕೆಲವೊಮ್ಮೆ ‘ಈ ಡಿಸ್ಕ್ ಬಳಸುವ ಮುಂಚೆ ಫಾರ್ಮ್ಯಾಟ್ ಮಾಡಬೇಕು’ ಎಂದು ಬಹಳ ವಿನಯದಿಂದ ಕೇಳುತ್ತದೆ. ಅಲ್ಲಿ ‘ಕ್ಯಾನ್ಸಲ್’ ಬಿಟ್ಟು ಬೇರೆ ಉತ್ತರವಿಲ್ಲ.

ಹಾರ್ಡ್ ಡಿಸ್ಕ್ ಕಾಲದಲ್ಲಿ ಇಂಥ ತಪ್ಪಿಗೆ ಮದ್ದಿತ್ತು. ಪಟ್ಟಿ ಮಾತ್ರ ಅಳಿದಿದ್ದರೆ ಟೆಸ್ಟ್‌ಡಿಸ್ಕ್‌ನಂಥ ತಂತ್ರಾಂಶ ನೆಲದ ಮೇಲಿನ ಗುರುತು ಹುಡುಕಿ ಹಳೆಯ ಹದ್ದುಗಳನ್ನು ಮತ್ತೆ ನೆಡುತ್ತಿತ್ತು. ಈಗಲೂ ನೆಡುತ್ತದೆ. ಆದರೆ ಎಸ್‌ಎಸ್‌ಡಿಯಲ್ಲಿ ಪಾಲನ್ನು ಫಾರ್ಮ್ಯಾಟ್ ಮಾಡಿದರೆ ‘ಈ ಜಾಗ ಖಾಲಿ’ ಎಂಬ ಸೂಚನೆ ಡಿಸ್ಕಿಗೇ ಹೋಗುತ್ತದೆ, ಡಿಸ್ಕ್ ಅದನ್ನು ನಿಜಕ್ಕೂ ಖಾಲಿ ಮಾಡಿಬಿಡುತ್ತದೆ. ಟ್ರಿಮ್ ಎಂಬ ಈ ಅಚ್ಚುಕಟ್ಟುತನದಿಂದ ಡಿಸ್ಕಿನ ವೇಗ, ಆಯುಸ್ಸು ಉಳಿಯುತ್ತವೆ. ಕಳೆದದ್ದನ್ನು ಹುಡುಕಿ ತೆಗೆಯುವ ಆಸೆ ಮಾತ್ರ ಬಹುತೇಕ ಹೋಗುತ್ತದೆ.

ಹಾಗಾಗಿ ಬ್ಯಾಕಪ್. ಈ ಪದ ಕೇಳಿ ಆಕಳಿಸುವವರಿಗೆ ಅನೇಕ ಮನೆಗಳಲ್ಲಿ ನಡೆಯುವ ಸಂಭಾಷಣೆಯೊಂದಿದೆ:

“ಅಪ್ಪಾ, ಟ್ಯಾಲಿ ಬ್ಯಾಕಪ್ ತೆಗೆದಿಟ್ಟಿದ್ದೀರಾ?”

“ಓ, ತೆಗೆದಿಟ್ಟದ್ದುಂಟು.”

“ಎಲ್ಲಿ?”

“ಎಲ್ಲಿ ಅಂದ್ರೆ ಎಂತ? ಡಿ ಡ್ರೈವಲ್ಲೇ ಉಂಟಲ್ಲ!”

ಅಂಥ ಮನೆಗಳಲ್ಲಿ ಡಿ ಡ್ರೈವ್ ಎಂಬುದು ಸಾಮಾನ್ಯವಾಗಿ ಅದೇ ಡಿಸ್ಕಿನ ಇನ್ನೊಂದು ಪಾಲು. ಖೋಲಿಗೆ ನೀರು ನುಗ್ಗಿದರೆ ಪ್ಲೈವುಡ್ಡಿನ ಆಚೆಗೂ ನುಗ್ಗುತ್ತದೆ. ನಕಲು ಬೇರೆ ಡಿಸ್ಕಿನಲ್ಲಿರಬೇಕು. ಅದನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಒಂದೆರಡು ಕಡತ ತೆರೆದು ನೋಡಿರಬೇಕು. ಜೊತೆಗೆ ವಿಂಡೋಸ್ ರಿಕವರಿಯ ಪೆನ್‌ಡ್ರೈವ್ ಒಂದು, ಲಿನಕ್ಸ್‌ನದು ಒಂದು. ಪಾಲುಪಟ್ಟಿಯದೇ ನಕಲನ್ನೂ ಎಸ್‌ಎಫ್‌ಡಿಸ್ಕ್ ಎಂಬ ಲಿನಕ್ಸ್ ಉಪಕರಣ ಒಂದು ಪುಟದ ಪಠ್ಯವಾಗಿ ಬರೆದುಕೊಡುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಫೋಟೊ ಮೊಬೈಲ್‌ನಲ್ಲಿ ಇದ್ದರಂತೂ ಕಷ್ಟಕಾಲಕ್ಕೆ ತುಂಬಾ ಉಪಯೋಗ.

ಗೋಡೆ ಸರಿಸುವ ನಡುವೆ ಕರೆಂಟ್ ಹೋದರೆ ಎಂಬ ಮಾತು ಬಂದರೆ ಮುಂಬೈಯವರು ನಗುತ್ತಾರೆ. ವಡಾಲಕ್ಕೆ ವಿದ್ಯುತ್ ಕೊಡುವುದು ಬೆಸ್ಟ್ ಸಂಸ್ಥೆ. ದ್ವೀಪನಗರದಲ್ಲಿ ಕರೆಂಟ್ ಹೋಗುವುದು ಅಪರೂಪ, ಊರಿಂದ ಬಂದ ನೆಂಟರೆದುರು ಕೊಚ್ಚಿಕೊಳ್ಳುವ ವಿಷಯಗಳಲ್ಲಿ ಅದೂ ಒಂದು. ಆದರೆ 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ಹತ್ತರ ಸುಮಾರಿಗೆ ಗ್ರಿಡ್ ಕೈಕೊಟ್ಟು ಮುಂಬೈ, ಠಾಣೆ, ನವಿ ಮುಂಬೈ ಒಟ್ಟಿಗೇ ಕತ್ತಲಾದವು. ಲೋಕಲ್ ಗಾಡಿಗಳು ಹಳಿಯ ಮೇಲೇ ನಿಂತವು. ಮನೆಯಿಂದಲೇ ಕೆಲಸ, ಮನೆಯಿಂದಲೇ ಪಾಠ ನಡೆಯುತ್ತಿದ್ದ ದಿನಗಳವು. ಆ ಗಳಿಗೆಯಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಪಾಲೊಂದನ್ನು ಸರಿಸುತ್ತಿದ್ದವನ ಗತಿ ಏನಾಗಿದ್ದೀತು? ಪಾಲಿನ ಬಾಲ ಕುಗ್ಗಿಸುವುದು ಬೇಗ ಮುಗಿಯುವ ಕೆಲಸ. ಪಾಲಿನ ತಲೆಯನ್ನು ಸರಿಸುವುದು ಹಾಗಲ್ಲ. ಒಳಗಿನ ಪ್ರತಿ ಅಂಶವನ್ನೂ ಎತ್ತಿ ಪಕ್ಕಕ್ಕೆ ಇಡಬೇಕು, ಹಳೆಯ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ. ನಡುವೆ ನಿಂತರೆ ಅರ್ಧ ಸಂಸಾರ ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ.

ವಡಾಲದ ಆ ಮನೆಗೆ ಎದುರಾಗುವ ತೊಡಕೂ ಇಂಥದೇ. ವಿಂಡೋಸ್ ಕೊನೆಗೂ ನೂರು ಜಿಬಿ ಬಿಟ್ಟುಕೊಟ್ಟಿತು. ಆದರೆ ಡಿಸ್ಕಿನ ಚಿತ್ರದಲ್ಲಿ ಸಿ ಡ್ರೈವ್, ಅದರ ಪಕ್ಕ ಖಾಲಿ ಜಾಗ, ಆಮೇಲೆ ರಿಕವರಿ ಪಾಲು, ಅದರಾಚೆ ಉಬುಂಟು. ಖಾಲಿ ಜಾಗವೂ ಉಬುಂಟುವೂ ಅಕ್ಕಪಕ್ಕದಲ್ಲಿಲ್ಲ. ರಿಕವರಿ ಪಾಲನ್ನು ಎಡಕ್ಕೆ ಸರಿಸಿ, ಉಬುಂಟುವಿನ ತಲೆಯನ್ನೂ ಎಡಕ್ಕೆ ಎಳೆಯಬಹುದು. ಜಿಪಾರ್ಟೆಡ್‌ನಲ್ಲಿ ಇದು ಮೂರು ಸಲ ಮೌಸ್ ಎಳೆದಷ್ಟು ಸುಲಭವಾಗಿ ಕಾಣುತ್ತದೆ. ಹಸಿರು ಟಿಕ್ ಒತ್ತುವವರೆಗೆ ಏನೂ ನಡೆಯುವುದಿಲ್ಲ ಎಂಬುದೊಂದೇ ಸಮಾಧಾನ. ಒತ್ತಿದ ಮೇಲೆ 60 ಜಿಬಿ ಇಡಿಯಾಗಿ ಜಾಗ ಬದಲಿಸಬೇಕು, ಸರಿದ ರಿಕವರಿ ಪಾಲನ್ನು ಗುರುತಿಸಲು ವಿಂಡೋಸ್‌ಗೆ ಮತ್ತೆ ಹೇಳಿಕೊಡಬೇಕು, ಗ್ರಬ್ ಮುನಿಸಿಕೊಂಡರೆ ಅದನ್ನೂ ಒಲಿಸಬೇಕು.

ಇಷ್ಟು ಸಾಹಸ ಯಾಕೆ ಬೇಕು? ಖಾಲಿ ಜಾಗ ಇರುವಲ್ಲೇ ನೂರು ಜಿಬಿಯ ಹೊಸ ಎಕ್ಸ್‌ಟಿ4 ಪಾಲು ಮಾಡಿ, ಅದನ್ನು ಉಬುಂಟುವಿನ ಒಂದು ಫೋಲ್ಡರಿಗೆ ಜೋಡಿಸಿ, ಭಾರದ ಪ್ರಾಜೆಕ್ಟ್‌ಗಳನ್ನು ಅಲ್ಲಿಗೆ ಸಾಗಿಸಿದರೆ ಮುಗಿಯಿತು. ಯಾವ ಪಾಲೂ ಅಲುಗಾಡಬೇಕಾಗಿಲ್ಲ. ಜೋಡಣೆಯ ಸಾಲನ್ನು ಎಫ್‌ಸ್ಟ್ಯಾಬ್ ಕಡತದಲ್ಲಿ ಬರೆಯುವಾಗ ಪಾಲಿನ ಕ್ರಮಸಂಖ್ಯೆಯ ಬದಲು ಯುಯುಐಡಿ ಎಂಬ ಉದ್ದದ ಗುರುತನ್ನು ಕೊಡಬೇಕು. ಕ್ರಮಸಂಖ್ಯೆ ಬದಲಾಗಬಹುದು, ಆ ಗುರುತು ಹೊಸದಾಗಿ ಫಾರ್ಮ್ಯಾಟ್ ಮಾಡುವವರೆಗೆ ಹಾಗೇ ಇರುತ್ತದೆ. ‘ನೋಫೇಲ್’ ಎಂಬ ಪದ ಸೇರಿಸಿದರೆ ಆ ಪಾಲು ಸಿಗದ ದಿನವೂ ಉಬುಂಟು ತಕರಾರಿಲ್ಲದೆ ಏಳುತ್ತದೆ. ಬರೇ ಕಮಾಂಡ್ ಕಲಿಯಲು ಲಿನಕ್ಸ್ ಬೇಕಾದವರಿಗಂತೂ ವಿಂಡೋಸ್‌ನೊಳಗೇ ಓಡುವ ಡಬ್ಲ್ಯುಎಸ್‌ಎಲ್ ಸಾಕು, ಡಿಸ್ಕನ್ನು ಪಾಲು ಮಾಡುವ ಪ್ರಮೇಯವೇ ಬಾರದು. ಪವಾಯಿಯ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದಲ್ಲೂ ಇವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತ ಮೇಲೆ, ವಿಂಡೋಸ್ 11 ಹಿಡಿಸದ ಹಳೆಯ ಯಂತ್ರಗಳಲ್ಲಿ ಪಕ್ಕದ ಖೋಲಿಗೆ ಲಿನಕ್ಸನ್ನು ಕರೆತರುವ ಮನೆಗಳೂ ಇವೆ. ಗೋಡೆ ಸರಿಸುವ ಕೆಲಸ ಇನ್ನು ಇಂಜಿನಿಯರಿಂಗ್ ಮಕ್ಕಳಿಗಷ್ಟೇ ಉಳಿದಿಲ್ಲ.

ವಡಾಲದ ಮನೆಯಲ್ಲಿ ಆ ರಾತ್ರಿ ಕೆಲಸಕ್ಕಿಂತ ನಕಲು ತೆಗೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಬೆಳಿಗ್ಗೆ ಮಗಳು ವಿಂಡೋಸನ್ನು ಎರಡು ಸಲ, ಉಬುಂಟುವನ್ನು ಎರಡು ಸಲ ಎಬ್ಬಿಸಿ ನೋಡಿದಳು. ಟ್ಯಾಲಿ ತೆರೆಯಿತು, ಚಿಕ್ಕಪ್ಪನ ಸಂಚಿಕೆಯೂ ತೆರೆಯಿತು. ಪೇಜ್‌ಫೈಲ್, ಬಿಟ್‌ಲಾಕರ್ ಎರಡನ್ನೂ ಮತ್ತೆ ಚಾಲೂ ಮಾಡಿದಳು. 48 ಅಂಕಿ ಬರೆದ ಕಾಗದವನ್ನು ಅಪ್ಪ ಕಪಾಟಿನಲ್ಲಿ, ಊರ ಜಾಗದ ಪಹಣಿ ಇಟ್ಟಿದ್ದ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿಟ್ಟರು.